ಅಧಿಕಾರದ ಹಂಬಲ ಮನುಷ್ಯನಿಗೆ ಬೇಕೇ?

ಪರ

ಅಧಿಕಾರವೆಂದರೆ ಹೊಲಸು, ಅದರ ಗೊಡವೆಯೇ ಬೇಡ ಎನ್ನುವವರು ಸಾಮಾನ್ಯವಾಗಿ ಹೊಟ್ಟೆ ತುಂಬಿದವರು. ಸಾಗರ ತಾಲ್ಲೂಕಿನ ಕಾಗೋಡಿನ ಗೇಣಿದಾರರಿಗೆ, ಅವರಲ್ಲಿ ಬಹುಪಾಲಾಗಿದ್ದ ದೀವರ ಸಮುದಾಯದವರಿಗೆ, ಅಂಥ ವೈರಾಗ್ಯ ಎಟುಕುವಂತಿರಲಿಲ್ಲ. ಗದ್ದೆ ಉಳುವವರು ಅವರಾದರೂ ಗೇಣಿಯ ಭತ್ತ ಅಳೆಯುವ ಕೊಳಗ ಭೂಮಾಲೀಕರದು. ಅದು ಎಷ್ಟು ಸೇರು ಹಿಡಿಯಬೇಕೆಂದು ತೀರ್ಮಾನಿಸುವವರೂ ಅವರೇ. ಕೊಳಗದ ಬಾಯಿ ಒಂದು ಬೆರಳಗಲ ಹಿಗ್ಗಿತೆಂದರೆ ಗೇಣಿದಾರನ ಮನೆಯಲ್ಲಿ ಮಳೆಗಾಲದ ಅಕ್ಕಿ ಅಷ್ಟು ಬೇಗ ಮುಗಿಯುತ್ತಿತ್ತು. 1951ರಲ್ಲಿ ಅವರು ಸತ್ಯಾಗ್ರಹಕ್ಕೆ ಇಳಿದಾಗ ಕೇಳಿದ್ದು ದಯೆಯನ್ನಲ್ಲ, ಅಳತೆಯಲ್ಲಿ ನ್ಯಾಯವನ್ನು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಹೋರಾಟ ಅಷ್ಟಕ್ಕೇ ನಿಂತಿದ್ದರೆ ಅದೊಂದು ನೆನಪಾಗಿ ಉಳಿಯುತ್ತಿತ್ತೇನೋ. ಆದರೆ ಮರುವರ್ಷ ಸಮಾಜವಾದಿ ಹೋರಾಟಗಾರ ಶಾಂತವೇರಿ ಗೋಪಾಲಗೌಡರು ಚುನಾವಣೆಗೆ ನಿಂತು, ಗೆದ್ದು, ಗೇಣಿದಾರರ ಮಾತನ್ನು ವಿಧಾನಸಭೆಯ ಒಳಗೆ ಕೊಂಡೊಯ್ದರು. ದೇವರಾಜ ಅರಸರ ಕಾಲದಲ್ಲಿ, 1974ರ ಮಾರ್ಚ್ 1ರಂದು ಗೇಣಿ ಜಮೀನುಗಳು ಸರ್ಕಾರಕ್ಕೆ ಸೇರಿ ಉಳುವವರಿಗೆ ಹಕ್ಕಿನ ದಾರಿ ತೆರೆದದ್ದು ಕಾನೂನಿನಿಂದ, ಮತ್ತು ಕಾನೂನಿಗೆ ಸಹಿ ಬೀಳುವುದು ಕುರ್ಚಿಯಲ್ಲಿ ಕೂತವರಿಂದ. ಕುರ್ಚಿಯನ್ನು ಬಯಸುವುದೇ ತಪ್ಪೆಂದು ಒಳ್ಳೆಯವರು ಹಿಂದೆ ಸರಿದರೆ ಅದು ಖಾಲಿಯಂತೂ ಉಳಿಯುವುದಿಲ್ಲ.

ವಿರೋಧ

ಮೇಲಿನ ವಾದ ಒಂದು ಮಾತನ್ನು ನುಂಗಿಕೊಂಡಿದೆ. ಕೊಳಗವನ್ನು ಹಿಗ್ಗಿಸಿದವರಲ್ಲಿಯೂ ಇದ್ದದ್ದು ಅಳತೆ ತಮ್ಮ ಕೈಯಲ್ಲಿರಬೇಕೆಂಬ ಹಂಬಲವೇ ಅಲ್ಲವೇ? ಒಳ್ಳೆಯ ಹಂಬಲವನ್ನೂ ಕೆಟ್ಟದ್ದನ್ನೂ ಮೊಳಕೆಯಲ್ಲೇ ಗುರುತಿಸಿ ಬೇರ್ಪಡಿಸುವ ಜಾಣ್ಮೆ ನನಗಂತೂ ಕಂಡಿಲ್ಲ. ಹಂಬಲಿಸುವವನಿಗೇ ಅದು ತಿಳಿಯುವುದಿಲ್ಲ. ನಮ್ಮ ಕಡೆ ಅಡಿಕೆ ತೋಟದ ಬೇಲಿ ಸರಿಯುವ ಬಗೆಯನ್ನು ನೋಡಿ: ತೋಟಕ್ಕೆ ಸೊಪ್ಪು ತರಲೆಂದು ಬಿಟ್ಟ ಸರ್ಕಾರಿ ಕಾಡಾದ ಸೊಪ್ಪಿನಬೆಟ್ಟವನ್ನು ಯಾರೂ ಒಂದೇ ವರ್ಷದಲ್ಲಿ ನುಂಗುವುದಿಲ್ಲ. ಪ್ರತಿ ಬೇಸಿಗೆಯಲ್ಲಿ ಬೇಲಿ ರಿಪೇರಿ ಮಾಡುವಾಗ ಗೂಟ ಒಂದು ಮಾರು ಆಚೆ ಹೋಗುತ್ತದೆ, ಮರುವರ್ಷ ಇನ್ನೊಂದು ಮಾರು. ಹತ್ತನೆಯ ವರ್ಷ ಕೇಳಿದರೆ ಅಜ್ಜನ ಕಾಲದಿಂದ ಬೇಲಿ ಇಲ್ಲೇ ಇದೆಯೆಂದು ಅವರು ಸುಳ್ಳೆನ್ನಿಸದಂತೆ ಹೇಳುತ್ತಾರೆ, ಏಕೆಂದರೆ ಅಷ್ಟರೊಳಗೆ ಅವರೇ ಅದನ್ನು ನಂಬಿರುತ್ತಾರೆ.

ಅರಮನೆಯನ್ನು ತೊರೆದು ನಡೆದ ಅಕ್ಕಮಹಾದೇವಿಯ ಉಡುತಡಿ ಇರುವುದೂ, ರಾಜ್ಯಕ್ಕೆ ಮುಖ್ಯಮಂತ್ರಿಯನ್ನು ಕಳಿಸಿದ್ದೂ ಒಂದೇ ಶಿಕಾರಿಪುರ ತಾಲ್ಲೂಕು. ಅಕ್ಕನಿಗೆ ನಾವು ಕೈಮುಗಿಯುತ್ತೇವೆ, ಸಾಲು ನಿಲ್ಲುವುದು ಮಾತ್ರ ಮಂತ್ರಿಗಳ ಮನೆಯ ಮುಂದೆ.

ಇನ್ನು ಅಧಿಕಾರ ಹೋದ ಮೇಲಿನ ಸ್ಥಿತಿ. ನನಗೆ ಪರಿಚಯದ ಹಿರಿಯರೊಬ್ಬರು ಬಹುಕಾಲ ಊರಿನ ಸಹಕಾರ ಸಂಘದ ಅಧ್ಯಕ್ಷರಾಗಿದ್ದರು. ಹಣ ಮುಟ್ಟಿದವರಲ್ಲ, ಸಾಲ ಕೇಳಿ ಬಂದವರನ್ನು ಬರಿಗೈಯಲ್ಲಿ ಕಳಿಸಿದವರೂ ಅಲ್ಲ. ಪರದ ವಾದಕ್ಕೆ ಇವರಿಗಿಂತ ಒಳ್ಳೆಯ ಸಾಕ್ಷಿ ಸಿಗಲಾರದು. ಕಳೆದ ಚುನಾವಣೆಯಲ್ಲಿ ಸೋತರು. ಈಗಲೂ ಕೆಳಗಿನ ರಸ್ತೆಯಲ್ಲಿ ಜೀಪಿನ ಸದ್ದಾದರೆ, ಉಣ್ಣುತ್ತಿದ್ದ ಬಾಳೆಲೆಯ ಮುಂದಿನಿಂದ ಎದ್ದು, ಎಂಜಲು ಕೈಯಲ್ಲೇ ಜಗಲಿಗೆ ಬರುತ್ತಾರೆ. ಜೀಪು ತಿರುವಿನಲ್ಲಿ ಮರೆಯಾಗುವವರೆಗೆ ನಿಂತು ನೋಡಿ, “ಯಾರೋ ತೋಟಕ್ಕೆ ಹೋದವರು” ಎಂದು ಹೆಂಡತಿಗೆ ಹೇಳಿ ಒಳಗೆ ಹೋಗುತ್ತಾರೆ.