ದುಡ್ಡು ಎಲ್ಲಿಂದ ಬರುತ್ತದೆ ಎಂದು ಕೇಳಿ, ರಸೀದಿಯನ್ನೂ ಕೇಳಿ

ಕಳೆದ ವಾರ ನಮ್ಮ ತಾಲ್ಲೂಕಿನಲ್ಲಿ ಕಾರ್ಖಾನೆಯೊಂದರ ವಿಸ್ತರಣೆಗಾಗಿ ಪರಿಸರ ಸಾರ್ವಜನಿಕ ಆಲಿಕೆ ಸಭೆ ನಡೆಯಿತು. ಶಾಲೆಯ ಮೈದಾನದಲ್ಲಿ ಶಾಮಿಯಾನ, ವೇದಿಕೆಯ ಮೇಲೆ ಅಧಿಕಾರಿಗಳು, ಎದುರಿಗೆ ಮುನ್ನೂರು ಕುರ್ಚಿ. ನಮ್ಮ ಬಳಕೆದಾರರ ಮತ್ತು ಪರಿಸರ ವೇದಿಕೆಯ ಪರವಾಗಿ ಆಕ್ಷೇಪಣೆ ಓದಿ ಕೆಳಗಿಳಿಯುತ್ತಿದ್ದಂತೆ ಮುಂದಿನ ಸಾಲಿನಿಂದ ಒಬ್ಬರು ಎದ್ದರು. "ಇಷ್ಟೊಂದು ಕಾಗದ ಮಾಡಿಸಿಕೊಂಡು ಬಂದಿದ್ದೀರಲ್ಲ, ನಿಮಗೆ ದುಡ್ಡು ಎಲ್ಲಿಂದ ಬರುತ್ತದೆ?" ಎಂದು ಜೋರಾಗಿ ಕೇಳಿದರು. ಚಪ್ಪಾಳೆ ಬಿತ್ತು.

ಆ ಪ್ರಶ್ನೆಯಿಂದ ನನಗೆ ಅವಮಾನವಾಗಲಿಲ್ಲ. ಹನ್ನೊಂದು ವರ್ಷಗಳಿಂದ ನಾನು ಈ ವೇದಿಕೆಯ ಖಜಾಂಚಿ. ಆ ಪ್ರಶ್ನೆಗೆ ಉತ್ತರ ಹೇಳುವುದೇ ನನ್ನ ಕೆಲಸ. ನೋವಾದದ್ದು ಏಕೆಂದರೆ, ನಾನು ಚೀಲದಿಂದ ಜಮಾ-ಖರ್ಚಿನ ಪುಸ್ತಕ ತೆಗೆಯುವಷ್ಟರಲ್ಲಿ ಕೇಳಿದವರು ಕುಳಿತು ಪಕ್ಕದವರೊಡನೆ ಮಾತಿಗೆ ತೊಡಗಿದ್ದರು. ಉತ್ತರ ಅವರಿಗೆ ಬೇಕಿರಲಿಲ್ಲ. ಅಂದು ಹೇಳಲಾಗದ್ದನ್ನು ಇಲ್ಲಿ ಹೇಳುತ್ತೇನೆ.

ಆ ಸಭೆಗೆ ನಮಗಾದ ಖರ್ಚು 8,230 ರೂಪಾಯಿ. ಪರಿಸರ ಪರಿಣಾಮ ವರದಿಯ 640 ಪುಟಗಳ ಜೆರಾಕ್ಸ್‌ಗೆ 1,280. ಊರೂರಿಗೆ ಹಂಚಿದ ಕರಪತ್ರಕ್ಕೆ 2,200. ಎರಡು ಕೊಳವೆಬಾವಿಗಳ ನೀರನ್ನು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಲು 3,600. ಓಡಾಟಕ್ಕೆ 1,150. ಇಂಗ್ಲಿಷ್ ವರದಿಯನ್ನು ಸಾಲು ಸಾಲಾಗಿ ಓದಿ, ಮುಖ್ಯವಾದದ್ದನ್ನು ಕನ್ನಡದಲ್ಲಿ ಬರೆದುಕೊಟ್ಟ ನಿವೃತ್ತ ಉಪನ್ಯಾಸಕಿ ಒಂದು ಪೈಸೆಯನ್ನೂ ಮುಟ್ಟಲಿಲ್ಲ. ಪರಿಸರ ಪರಿಣಾಮದ ಬಗ್ಗೆ ಕೇಂದ್ರ ಸರ್ಕಾರ ಹೊರಡಿಸಿದ 2006ರ ಅಧಿಸೂಚನೆಯ ಪ್ರಕಾರ ಆಲಿಕೆಗೆ ಮೊದಲು ಜನರಿಗೆ ಕನಿಷ್ಠ 30 ದಿನ ಕೊಡಬೇಕು, ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲಿ ಇರಬೇಕು. ಸಾರಾಂಶವೇನೋ ಕನ್ನಡದಲ್ಲಿತ್ತು. ಆದರೆ ನಮ್ಮ ಕೆರೆಯ ಮೇಲಾಗುವ ಪರಿಣಾಮದ ವಿಷಯವಿದ್ದದ್ದು ಇಂಗ್ಲಿಷ್ ವರದಿಯ ಅನುಬಂಧದಲ್ಲಿ. ಅದನ್ನು ಹುಡುಕಿ ತೆಗೆಯಲು ಆ ತಾಯಿ ಹದಿನೆಂಟು ರಾತ್ರಿ ಕುಳಿತಿದ್ದರು. ಮೂವತ್ತು ದಿನದಲ್ಲಿ ಇಡೀ ವರದಿ ಓದಿ ಮುಗಿಸಲು ರೈತನಿಗೆ ಪುರುಸೊತ್ತಿಲ್ಲ, ಓದಿದವರಿಗೆ ಆಸಕ್ತಿಯಿಲ್ಲ. ಈ ನಡುವಿನ ಜಾಗದಲ್ಲಿ ನಿಂತು ಓದುವವರನ್ನೇ ನಾವು 'ಸಂಘ ಸಂಸ್ಥೆಯವರು' ಎಂದು ಕರೆಯುವುದು.

ಇಂಥ ಕೆಲಸದ ಕಷ್ಟ ಇಲ್ಲೇ ಇದೆ. ಶಾಲೆಗೆ ಬೆಂಚು ಕೊಡಿಸಿದರೆ ಬೆಂಚಿನ ಮೇಲೆ ಹೆಸರು ಬರೆಯಬಹುದು, ಆಸ್ಪತ್ರೆಗೆ ಮಂಚ ಕೊಟ್ಟರೆ ಫೋಟೊ ತೆಗೆಯಬಹುದು. ಬತ್ತದೆ ಉಳಿದ ಕೆರೆಯ, ಏರದೆ ನಿಂತ ವಿದ್ಯುತ್ ದರದ ಫೋಟೊ ತೆಗೆಯುವುದು ಹೇಗೆ? ಆಗದೇ ಹೋದ ಹಾನಿಗೆ ಯಾರೂ ದೇಣಿಗೆ ಕೊಡುವುದಿಲ್ಲ.

ದೊಡ್ಡ ಪ್ರಮಾಣದಲ್ಲಿ ಇದು ಹೇಗಿರುತ್ತದೆ ಎಂಬುದಕ್ಕೆ ನಮ್ಮ ಭಾಗದ್ದೇ ಒಂದು ಸಂಸ್ಥೆಯ ಕಥೆ ನೋಡಿ. ಧಾರವಾಡದ ಸಮಾಜ ಪರಿವರ್ತನ ಸಮುದಾಯ 1984ರಿಂದ ಕೆಲಸ ಮಾಡುತ್ತಿದೆ. ಅದನ್ನು ಕಟ್ಟಿದ ಎಸ್.ಆರ್. ಹಿರೇಮಠರ ಹೆಸರು ಕೇಳದವರು ಉತ್ತರ ಕರ್ನಾಟಕದಲ್ಲಿ ಕಡಿಮೆ. ತುಂಗಭದ್ರೆಯ ಮಾಲಿನ್ಯದ ವಿರುದ್ಧ ದನಿ ಎತ್ತಿದವರು, ಅದರ ಬೆನ್ನಿಗೇ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಪ್ರಕರಣವನ್ನೂ ಕೈಗೆತ್ತಿಕೊಂಡರು. ಕಾಗದದ ತಿರುಳಿಗೆ ಬೇಕಾದ ನೀಲಗಿರಿ ಬೆಳೆಸಲು ಸುಮಾರು 30,000 ಹೆಕ್ಟೇರ್ ಭೂಮಿಯನ್ನು ಸರ್ಕಾರ ಮತ್ತು ಖಾಸಗಿ ಕಂಪನಿ ಕೂಡಿ ಕಟ್ಟಿದ ಆ ಸಂಸ್ಥೆಗೆ ಕೊಡುವ ಯೋಜನೆ ಅದು. ಕಡತದಲ್ಲಿ ಅದು ಬರಡು ಭೂಮಿ. ಹಳ್ಳಿಯವರಿಗೆ ದನ ಮೇಯಿಸುವ, ಸೌದೆ ತರುವ, ಮಳೆಗಾಲದಲ್ಲಿ ಹುಲ್ಲು ಕೊಯ್ಯುವ ಗೋಮಾಳ. 1986ರಲ್ಲಿ ಸುಪ್ರೀಂ ಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹೋಯಿತು. ಅರ್ಜಿದಾರರಲ್ಲಿ ಕೋಟ ಶಿವರಾಮ ಕಾರಂತರೂ ಇದ್ದರು. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನ ಸೇರಿ ನೀಲಗಿರಿ ಸಸಿಗಳನ್ನು ಕಿತ್ತರು. ಕಿತ್ತ ಗುಂಡಿಗಳಲ್ಲಿ ಹಣ್ಣು ಮತ್ತು ಮೇವಿನ ಗಿಡ ಹಚ್ಚಿದರು. ಹೆಸರೇ 'ಕಿತ್ತಿಕೋ ಹಚ್ಚಿಕೋ' ಸತ್ಯಾಗ್ರಹ. ನಮ್ಮ ಕಡೆ ಗಿಡ ನೆಡುವುದಕ್ಕೆ ಹಚ್ಚುವುದು ಎನ್ನುತ್ತೇವೆ. ಯಾವ ಪಟ್ಟಣದ ಬುದ್ಧಿವಂತನೂ ಅಷ್ಟು ಒಳ್ಳೆಯ ಹೆಸರನ್ನು ಕುಳಿತು ಯೋಚಿಸಿ ಇಡಲಾರ. 1991ರಲ್ಲಿ ಆ ಕಂಪನಿ ಮುಚ್ಚಿತು.

ಹದಿನೆಂಟು ವರ್ಷಗಳ ನಂತರ, 2009ರಲ್ಲಿ, ಇದೇ ಸಂಸ್ಥೆ ಬಳ್ಳಾರಿಯ ಅಕ್ರಮ ಗಣಿಗಾರಿಕೆಯ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋಯಿತು. 2011ರ ಜುಲೈ 29ರಂದು ನ್ಯಾಯಾಲಯ ಬಳ್ಳಾರಿ ಜಿಲ್ಲೆಯ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನು ನಿಲ್ಲಿಸಿತು. ಮುಂದಿನ ತಿಂಗಳು ಚಿತ್ರದುರ್ಗ ಮತ್ತು ತುಮಕೂರಿಗೂ ಅದು ವಿಸ್ತರಿಸಿತು. 2013ರ ಏಪ್ರಿಲ್ 18ರ ತೀರ್ಪಿನಲ್ಲಿ, ಅತಿ ಹೆಚ್ಚು ಅಕ್ರಮ ನಡೆದಿದ್ದ 'ಸಿ' ವರ್ಗದ ಗುತ್ತಿಗೆಗಳು ರದ್ದಾದವು. ವರ್ಷಕ್ಕೆ ಮೂರೂ ಜಿಲ್ಲೆ ಸೇರಿ ಇಷ್ಟೇ ಅದಿರು ತೆಗೆಯಬೇಕೆಂಬ ಮಿತಿ ಬಂತು. ಮೊದಲಿಗೆ ಅದು 3 ಕೋಟಿ ಟನ್. ಗಣಿಬಾಧಿತ ಜಿಲ್ಲೆಗಳ ಪುನಶ್ಚೇತನಕ್ಕಾಗಿ ಕೂಡಿಟ್ಟ ಹಣದಿಂದ ಈಗ 24 ಸಾವಿರ ಕೋಟಿ ರೂಪಾಯಿಗೂ ಮೀರಿದ ಯೋಜನೆ ರೂಪುಗೊಂಡಿದೆ. ಕುಡಿಯುವ ನೀರು, ಆಸ್ಪತ್ರೆ, ರಸ್ತೆ, ಅರಣ್ಯ ಎಲ್ಲವೂ ಅದರಲ್ಲಿ ಬರುತ್ತವೆ.

ಎರಡು ಮೊತ್ತಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಒಂದು ಕಡೆ ಸಾವಿರಾರು ಕೋಟಿ. ಇನ್ನೊಂದು ಕಡೆ ದೆಹಲಿಗೆ ಹೋಗಿ ಬರುವ ರೈಲಿನ ಟಿಕೆಟ್ಟು, ಕಡತಗಳ ಪ್ರತಿ, ಗಣಿಗಳಿಗೆ ಹೋಗಿ ನೋಡಿ ಬರುವ ಓಡಾಟದ ಖರ್ಚು. ಪುನಶ್ಚೇತನದ ಹಣದಲ್ಲಿ ಮೊಕದ್ದಮೆ ಹೂಡಿದವರಿಗೆ ಪಾಲಿಲ್ಲ, ಇರಲೂಬಾರದು. ಇದ್ದರೆ ನಾಳೆ ದುಡ್ಡಿಗಾಗಿ ಮೊಕದ್ದಮೆ ಹೂಡುವವರು ಹುಟ್ಟಿಕೊಳ್ಳುತ್ತಾರೆ. ಅಷ್ಟು ನಿಷ್ಠುರವಾಗಿ ಒಪ್ಪಿದ ಮೇಲೆ ಇನ್ನೊಂದು ಮಾತನ್ನೂ ಒಪ್ಪಬೇಕಾಗುತ್ತದೆ: ಹಾಗಾದರೆ ಆ ರೈಲಿನ ಟಿಕೆಟ್ಟನ್ನು ಯಾರು ಕೊಡಿಸಬೇಕು?

ಕಂಪನಿಗಳು ಕೊಡುವುದಿಲ್ಲ. ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ತಮ್ಮ ಸರಾಸರಿ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ತೆಗೆದಿಡಬೇಕು. ಆ ಪಟ್ಟಿಯಲ್ಲಿ ಪರಿಸರವೂ ಇದೆ. ಸಸಿ ನೆಡುವುದಕ್ಕೆ, ಕೆರೆ ಹೂಳೆತ್ತುವುದಕ್ಕೆ ಅದರಿಂದ ಹಣ ಬರುತ್ತದೆ. ಕೆರೆಗೆ ವಿಷ ಬಿಟ್ಟವರು ಯಾರು ಎಂದು ಕೇಳುವವನಿಗೆ ಬರುವುದಿಲ್ಲ. ಬಂದರೂ ತೆಗೆದುಕೊಳ್ಳಬಾರದು ಎಂಬುದು ನನ್ನ ಅಭಿಪ್ರಾಯ. ನಮ್ಮ ವೇದಿಕೆಯ ನಿಯಮವೂ ಅದೇ.

ಸರ್ಕಾರದ ಅನುದಾನ ಪಡೆದು ಸರ್ಕಾರಿ ಇಲಾಖೆಯ ವಿರುದ್ಧವೇ ಆಕ್ಷೇಪಣೆ ಸಲ್ಲಿಸುವುದು ಎಷ್ಟು ದಿನ ನಡೆದೀತು?

ವಿದೇಶದ ಹಣದ ಮಾತು ಬಂದರೆ ಎಲ್ಲರಿಗೂ ಅನುಮಾನ. ಆ ಹಣಕ್ಕೆ ಈಗಿರುವ ಕಟ್ಟುಪಾಡು ಎಷ್ಟೆಂಬುದು ಅನುಮಾನಿಸುವವರಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಗೆ 2020ರಲ್ಲಿ ಬಂದ ತಿದ್ದುಪಡಿಯ ನಂತರ ಹಣ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕಿನ ಒಂದೇ ಶಾಖೆಯ ಖಾತೆಗೆ ಬರಬೇಕು. ದೊಡ್ಡ ಸಂಸ್ಥೆ ಅದರಲ್ಲಿ ಸ್ವಲ್ಪವನ್ನು ಹಳ್ಳಿಯ ಸಣ್ಣ ಸಂಸ್ಥೆಗೆ ದಾಟಿಸುವಂತಿಲ್ಲ. ಆಡಳಿತ ವೆಚ್ಚದ ಮಿತಿ ಶೇ. 50ರಿಂದ 20ಕ್ಕೆ ಇಳಿದಿದೆ. ಕೇಳುವುದಕ್ಕೆ ಇದು ಸರಿ ಎನಿಸುತ್ತದೆ. ಆದರೆ ಆಡಳಿತ ವೆಚ್ಚ ಎಂದರೆ ಏನೇನು? ಕಚೇರಿಯ ಬಾಡಿಗೆ, ಲೆಕ್ಕ ಬರೆಯುವವರ ಸಂಬಳ, ವಕೀಲರ ಶುಲ್ಕ. ಅನ್ನದಾನ ಮಾಡುವ ಸಂಸ್ಥೆಗೆ ಅಕ್ಕಿಯೇ ಮುಖ್ಯ ಖರ್ಚು. ನ್ಯಾಯಾಲಯದಲ್ಲಿ ನಿಲ್ಲುವ ಸಂಸ್ಥೆಗೆ ವಕೀಲರೇ ಅಕ್ಕಿ. ನಮ್ಮ ವೇದಿಕೆ ವಿದೇಶಿ ಹಣವನ್ನು ಕಂಡಿಲ್ಲ, ಕಾಣುವ ಆಸೆಯೂ ಇಲ್ಲ. ಆದರೂ ಕಾನೂನುಬದ್ಧವಾಗಿ ಅದನ್ನು ಪಡೆದು, ಲೆಕ್ಕ ಕೊಟ್ಟು ಕೆಲಸ ಮಾಡುವವರನ್ನು ದೇಶದ್ರೋಹಿಗಳು ಎನ್ನುವ ಮಾತು ಕಿವಿಗೆ ಬಿದ್ದಾಗ ನನಗೆ ಸಿಟ್ಟು ಬರುತ್ತದೆ.

ಕಂಪನಿ, ಸರ್ಕಾರ, ವಿದೇಶ ಮೂರನ್ನೂ ಬಿಟ್ಟರೆ ಉಳಿಯುವುದು ನಾವೇ.

ಪಕ್ಕದ ಕೇರಳದಲ್ಲಿ ಇದನ್ನು ಮಾಡಿ ತೋರಿಸಿದ್ದಾರೆ. 1962ರಲ್ಲಿ ಶುರುವಾದ ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತು ಸೈಲೆಂಟ್ ವ್ಯಾಲಿಯ ಕಾಡನ್ನು ಅಣೆಕಟ್ಟಿನಿಂದ ಉಳಿಸುವ ಹೋರಾಟದಲ್ಲಿ ಮುಂದೆ ನಿಂತ ಸಂಸ್ಥೆ. ಅದರ ಮುಖ್ಯ ಆದಾಯ ಪುಸ್ತಕ ಮಾರಾಟ. ಕಲಾಜಾಥಾ ಊರಿಗೆ ಬಂದರೆ ಜನ ಪುಸ್ತಕ ಕೊಂಡು ಅದರ ಖರ್ಚು ಹೊರುತ್ತಾರೆ. ಕಾರ್ಯಕರ್ತರು ಮನೆ ಮನೆಗೆ ಹೋಗಿ ವಿಜ್ಞಾನದ ಪುಸ್ತಕ ಮಾರುತ್ತಾರೆ. ಪುಸ್ತಕ ಕೊಂಡವನ ಕೈಗೆ ಓದುವುದಕ್ಕೂ ಏನೋ ಸಿಕ್ಕಿತು, ಸಂಸ್ಥೆಗೂ ನಾಲ್ಕು ಕಾಸು ಸೇರಿತು. ಆ ಹಣದ ಹಿಂದೆ ಯಾರ ಮುಲಾಜೂ ಇಲ್ಲ. ಅಷ್ಟು ದೊಡ್ಡ ಓದುಗರ ಬಳಗ, ಅಷ್ಟು ಶಿಸ್ತಿನ ಕಾರ್ಯಕರ್ತರ ಪಡೆ ನಮ್ಮಲ್ಲಿ ಬೆಳೆಯಲಿಲ್ಲವಲ್ಲ ಎಂದು ನಾನು ಎಷ್ಟೋ ಸಲ ಮರುಗಿದ್ದೇನೆ.

ನಮ್ಮಲ್ಲಿರುವುದು ವಂತಿಗೆ. ವರ್ಷಕ್ಕೆ ನೂರು ರೂಪಾಯಿ, 412 ಸದಸ್ಯರು. ಕಳೆದ ವರ್ಷ ಅವರಲ್ಲಿ 267 ಮಂದಿ ಕೊಟ್ಟರು. ಉಳಿದವರ ಮೇಲೆ ನನಗೆ ದೂರಿಲ್ಲ. ಬರಗಾಲ ಬಂದ ಊರುಗಳವು. ಅದರಲ್ಲೇ ಮಾಹಿತಿ ಹಕ್ಕಿನ ಅರ್ಜಿಗಳು, ಗ್ರಾಹಕರ ಆಯೋಗದಲ್ಲಿ ಬೀಜ-ಗೊಬ್ಬರದ ದೂರುಗಳು, ಹುಬ್ಬಳ್ಳಿಯಲ್ಲಿ ವಿದ್ಯುತ್ ದರದ ವಿಚಾರಣೆ, ಎಲ್ಲ ನಡೆಯಬೇಕು.

ವಿದ್ಯುತ್ ದರದ ವಿಚಾರಣೆಯ ಬಗ್ಗೆ ಎರಡು ಮಾತು ಹೇಳಲೇಬೇಕು, ಏಕೆಂದರೆ ಇದು ಪ್ರತಿ ಮನೆಯ ಬಿಲ್ಲಿನ ವಿಷಯ. ವಿತರಣಾ ಕಂಪನಿಗಳು ದರ ಏರಿಸಬೇಕಾದರೆ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗಕ್ಕೆ ಅರ್ಜಿ ಹಾಕಬೇಕು, ಆಯೋಗ ಸಾರ್ವಜನಿಕರ ಆಕ್ಷೇಪಣೆ ಕೇಳಬೇಕು. ಯಾರು ಬೇಕಾದರೂ ಹೋಗಿ ಮಾತನಾಡಬಹುದು. ಆದರೆ ಏನು ಮಾತನಾಡುವುದು? ಕೃಷಿ ಪಂಪ್‌ಸೆಟ್ಟುಗಳಲ್ಲಿ ಹೆಚ್ಚಿನವಕ್ಕೆ ಮೀಟರ್ ಇಲ್ಲ, ಅವು ಬಳಸಿದ ವಿದ್ಯುತ್ತಿನ ಲೆಕ್ಕ ಅಂದಾಜಿನದು. ಅಂದಾಜು ದೊಡ್ಡದಾದಷ್ಟೂ ಸೋರಿಕೆ ಚಿಕ್ಕದಾಗಿ ಕಾಣುತ್ತದೆ. ತಂತಿಯಲ್ಲಿ ಸೋರಿದ್ದು, ಕದ್ದದ್ದು ಎಲ್ಲವೂ ರೈತನ ಹೆಸರಿನಲ್ಲಿ ಜಮೆಯಾಗಿಬಿಡಬಹುದು. ಇದನ್ನು ಅಂಕಿ ಹಿಡಿದು ತೋರಿಸಬೇಕಾದರೆ ಕೋಷ್ಟಕಗಳನ್ನು ಓದಬಲ್ಲವರು ಬೇಕು. ನಮ್ಮಲ್ಲಿ ಅಂಥವರು ಒಬ್ಬರಿದ್ದಾರೆ, ವಿದ್ಯುತ್ ಇಲಾಖೆಯಲ್ಲೇ ದುಡಿದು ನಿವೃತ್ತರಾದವರು. ವಯಸ್ಸು ಎಪ್ಪತ್ತನಾಲ್ಕು. ಅವರ ನಂತರ ಯಾರು ಎಂಬುದಕ್ಕೆ ನನ್ನಲ್ಲಿ ಉತ್ತರವಿಲ್ಲ. ಆ ವಿದ್ಯೆ ಕಲಿಯಲು ಬರುವ ಹುಡುಗನಿಗೆ ತಿಂಗಳಿಗೆ ಹದಿನೈದು ಸಾವಿರವಾದರೂ ಕೊಡಬೇಕಲ್ಲವೇ? ಸೇವೆ ಎಂದರೆ ಸಂಬಳವಿಲ್ಲದ ದುಡಿಮೆ ಎಂದು ನಂಬಿರುವ ಹಿರಿಯರು ನಮ್ಮಲ್ಲೂ ಇದ್ದಾರೆ. ಅವರ ಮಾತನ್ನು ನಾನು ಒಪ್ಪುವುದಿಲ್ಲ. ಹೊಟ್ಟೆ ತುಂಬಿದವರು ಮಾತ್ರ ನ್ಯಾಯ ಕೇಳಬಹುದು ಎಂದಾದರೆ ಅದು ಯಾವ ನ್ಯಾಯ?

ಇನ್ನು ನಮ್ಮ ಕಡೆಯ ತಪ್ಪು. ಸಂಘ ನೋಂದಣಿ ಕಾಯ್ದೆಯ ಪ್ರಕಾರ ಪ್ರತಿ ವರ್ಷ ಮಹಾಸಭೆ ನಡೆಸಿ, ಆಡಳಿತ ಮಂಡಳಿಯ ಪಟ್ಟಿ ಮತ್ತು ಲೆಕ್ಕಪತ್ರವನ್ನು ನೋಂದಣಾಧಿಕಾರಿಗೆ ಕೊಡಬೇಕು. ಕೊಡದ ಸಂಘಗಳು ಎಷ್ಟೋ ಇವೆ. ಕೊಟ್ಟವರೂ ಇಂಗ್ಲಿಷಿನಲ್ಲಿ ಎರಡು ಹಾಳೆ ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ. ಇಂಗ್ಲಿಷ್ ವರದಿಯನ್ನು ಕನ್ನಡದಲ್ಲಿ ಕೊಡಿ ಎಂದು ಕಾರ್ಖಾನೆಯನ್ನು ಕೇಳುವ ನಾವು, ನಮ್ಮ ಅಢಾವೆ ಪತ್ರಿಕೆಯನ್ನು, ಅಂದರೆ ವರ್ಷದ ಲೆಕ್ಕದ ಪಟ್ಟಿಯನ್ನು, ಕನ್ನಡದಲ್ಲಿ ಹಾಕಲು ಆರು ವರ್ಷ ತೆಗೆದುಕೊಂಡೆವು. ಅದಕ್ಕೆ ನಾನೇ ಹೊಣೆ. ಈಗ ಪ್ರತಿ ವರ್ಷ ಜೂನ್ ತಿಂಗಳಲ್ಲಿ ಅದನ್ನು ದೊಡ್ಡ ಅಕ್ಷರದಲ್ಲಿ ಮುದ್ರಿಸಿ, ಸಂತೆಯ ದಿನ ನಮ್ಮ ಕಚೇರಿಯ ಬಾಗಿಲಿಗೆ ಅಂಟಿಸುತ್ತೇವೆ. ಯಾವುದೇ ಒಬ್ಬ ದಾನಿಯ ಹಣ ವರ್ಷದ ಆದಾಯದ ಹತ್ತನೆಯ ಒಂದು ಭಾಗ ಮೀರಿದರೆ ಅವರ ಹೆಸರನ್ನೂ ಬರೆಯುತ್ತೇವೆ. ಹೆಸರು ಬೇಡ ಎಂದವರ ಹಣವನ್ನು ಎರಡು ಸಲ ಹಿಂದಿರುಗಿಸಿದ್ದೇವೆ.

ಅಂದು ಸಭೆಯಲ್ಲಿ ಪ್ರಶ್ನೆ ಕೇಳಿದವರ ಊರಿಗೆ ಮೊನ್ನೆ ಹೋಗಿದ್ದೆ, ಜಮಾ-ಖರ್ಚಿನ ಪುಸ್ತಕ ಹಿಡಿದುಕೊಂಡೇ. ಜಗಲಿಯ ಮೇಲೆ ಕೂರಿಸಿ ಚಹಾ ಕೊಟ್ಟರು. ಪುಟ ತಿರುವುತ್ತಾ ಹೋದರು. ಜೆರಾಕ್ಸಿನ ಬಿಲ್ಲಿನ ಹತ್ತಿರ ಬಂದಾಗ ಅವರ ಬೆರಳು ನಿಂತಿತು. "640 ಪುಟವನ್ನೂ ಓದಿದರೇನು?" ಎಂದರು. ಓದಿದವರು ಯಾರು, ಎಷ್ಟು ರಾತ್ರಿ ಓದಿದರು ಎಂದು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ತಮ್ಮ ಹೊಲದ ಕೊಳವೆಬಾವಿಯ ನೀರು ಎರಡು ವರ್ಷದಿಂದ ಉಪ್ಪಾಗಿದೆ, ಅದನ್ನೂ ಪರೀಕ್ಷೆ ಮಾಡಿಸಬಹುದೇ ಎಂದು ಕೇಳಿದರು.

ಸೋಮವಾರ ಬಾಟಲಿ ತೆಗೆದುಕೊಂಡು ಹೋಗುತ್ತೇನೆ. ಪರೀಕ್ಷೆಗೆ 1,800 ರೂಪಾಯಿ. ಖಾತೆಯಲ್ಲಿ ಇಂದು 4,312 ಇದೆ.