ನಾಲ್ಕು ಲಕ್ಷದ ಚಿಲ್ಲರೆ

ಸ್ಪ್ರೆಡ್‌ಶೀಟಿನಲ್ಲಿ 147573952589676412927 ಎಂದು ಟೈಪ್ ಮಾಡಿ ಎಂಟರ್ ಒತ್ತಿದೆ. ಬಿಡಿಸಿ ನೋಡಿದರೆ ಕೊನೆಯ ಆರು ಅಂಕಿಗಳು ಸೊನ್ನೆ! ಹದಿನೈದು ಅಂಕಿ ದಾಟಿದರೆ ಅದಕ್ಕೆ ಲೆಕ್ಕ ಬೇಡವಂತೆ. 4,12,927 ಅನ್ನು ಚಿಲ್ಲರೆ ಅಂತ ಕೈಬಿಟ್ಟಿದೆ. ಒಂದು ಮಾತು ಕೇಳಬಾರದಾ? ಬೆಸ ಸಂಖ್ಯೆ ಕೊಟ್ಟರೆ ಸಮ ಸಂಖ್ಯೆ ವಾಪಸ್ ಬಂತು, ಅದೂ ಹತ್ತು ಲಕ್ಷದಿಂದ ಭಾಗವಾಗುವಂಥದ್ದು.

ಈ ಸಂಖ್ಯೆಯ ಜೀವ ಇರುವುದೇ ಬಾಲದಲ್ಲಿ. 67 ಎರಡುಗಳನ್ನು ಒಂದಕ್ಕೊಂದು ಗುಣಿಸಿ ಒಂದು ಕಳೆದರೆ ಇದು ಸಿಗುತ್ತದೆ. ಆ ಒಂದನ್ನು ಕಳೆಯದಿದ್ದರೆ ಒಳಗೆ ಬರೀ ಎರಡುಗಳು. ಕಳೆದರೆ ಎರಡೂವರೆ ಶತಮಾನದ ತಲೆನೋವು.

1644ರಲ್ಲಿ ಮರ್ಸೆನ್ ಎಂಬ ಫ್ರೆಂಚ್ ಪಾದ್ರಿ ಇದನ್ನು ಹೀಗೆ ಎರಡುಗಳಿಂದ ಸಿಗುವ ಅವಿಭಾಜ್ಯಗಳ ಪಟ್ಟಿಗೆ ಸೇರಿಸಿಬಿಟ್ಟರು. 1876ರಲ್ಲಿ ಲ್ಯೂಕಾ ಎಂಬ ಫ್ರೆಂಚ್ ಗಣಿತಜ್ಞ ಇದು ಅವಿಭಾಜ್ಯವಲ್ಲ ಎಂದು ಸಾಧಿಸಿದರು. ಸರಿ, ಯಾವುದರಿಂದ ಭಾಗವಾಗುತ್ತದೆ? ಅದು ಗೊತ್ತಿಲ್ಲ! ಮನೆಯಲ್ಲಿ ಕಳ್ಳ ಇದ್ದಾನೆ, ಎಲ್ಲಿ ಅಂತ ಮಾತ್ರ ಕೇಳಬೇಡಿ ಎಂದ ಹಾಗೆ. ಗಣಿತದವರಿಗೆ ಇಂಥದ್ದು ಸೊಗಸು. ನನಗೆ ಮೈ ಉರಿಯುತ್ತದೆ.

1903ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನ ಗಣಿತ ಸಭೆಯೊಂದರಲ್ಲಿ ಫ್ರಾಂಕ್ ನೆಲ್ಸನ್ ಕೋಲ್ ಎದ್ದು ಬೋರ್ಡಿನ ಹತ್ತಿರ ಹೋದರಂತೆ. ಮಾತಿಲ್ಲ. ಒಂದು ಕಡೆ ಎರಡುಗಳನ್ನು ಗುಣಿಸಿ ಒಂದು ಕಳೆದರು. ಇನ್ನೊಂದು ಕಡೆ 193707721 ಮತ್ತು 761838257287 ಬರೆದು ಗುಣಿಸತೊಡಗಿದರು. ಒಂಬತ್ತು ಅಂಕಿಗೆ ಹನ್ನೆರಡು ಅಂಕಿ, ಅಂದರೆ 108 ಪುಟ್ಟ ಗುಣಾಕಾರ. ನಡುವೆ ಒಂದು ಸೊನ್ನೆ ಇರುವುದರಿಂದ ಹನ್ನೆರಡು ಉಳಿತಾಯ. ಸಭಿಕರು ಅಷ್ಟೂ ಹೊತ್ತು ಸುಮ್ನೆ ಕೂತಿದ್ದರಲ್ಲ, ಅವರಿಗೂ ಒಂದು ಪದಕ ಕೊಡಬೇಕಿತ್ತು. ಎರಡೂ ಕಡೆ ಉತ್ತರ ಒಂದೇ ಬಂತು. ಕೋಲ್ ತುಟಿ ಬಿಚ್ಚದೆ ಹೋಗಿ ಕೂತರಂತೆ. ಚಪ್ಪಾಳೆಯೋ ಚಪ್ಪಾಳೆ.

ಇದನ್ನು ಹುಡುಕಲು ಎಷ್ಟು ದಿನ ಹಿಡಿಯಿತು ಅಂತ ಆಮೇಲೆ ಕೇಳಿದ್ದಕ್ಕೆ, ಮೂರು ವರ್ಷದ ಭಾನುವಾರಗಳು ಎಂದರಂತೆ. ಈ ಭಾನುವಾರಗಳು ನನ್ನನ್ನು ಬಿಡುತ್ತಿಲ್ಲ. ಈ ಸಂಖ್ಯೆಯನ್ನು ಭಾಗಿಸುವ ಯಾವುದೇ ಸಂಖ್ಯೆಯನ್ನು 134ರಿಂದ ಭಾಗಿಸಿದರೆ ಒಂದು ಉಳಿಯಲೇಬೇಕು. ಹಾಗಾಗಿ 134ರ ಹೆಜ್ಜೆ ಹಾಕುತ್ತಾ ಹೋಗಬಹುದು. ಆದರೂ 193707721 ಮುಟ್ಟಲು 14,45,580 ಹೆಜ್ಜೆ ಬೇಕು. ಹೆಜ್ಜೆಗೊಂದು ಭಾಗಾಕಾರ ಅಂದರೆ ಭಾನುವಾರಕ್ಕೆ ಒಂಬತ್ತು ಸಾವಿರಕ್ಕೂ ಜಾಸ್ತಿ! ಅವರಿಗೆ ಒಳದಾರಿಗಳು ಗೊತ್ತಿದ್ದವು, ಅದಕ್ಕೇ ಬಚಾವ್. ಇವತ್ತಿನ ಕಂಪ್ಯೂಟರ್ ಕಣ್ಣು ಮಿಟುಕಿಸುವಷ್ಟರಲ್ಲಿ ಹೇಳುತ್ತದೆ ಅಂತ ಯಾರಾದರೂ ಈಗ ನೆನಪಿಸುತ್ತಾರೆ, ನೋಡ್ತಾ ಇರಿ. ಅದಕ್ಕೆ ಭಾನುವಾರವೇ ಇಲ್ಲ, ಅದು ಕಳೆದುಕೊಂಡಿದ್ದಾದರೂ ಏನು?

ದೊಡ್ಡ ಸಂಖ್ಯೆಗಳಿಂದ ನಾವು ಕಲಿಯುವುದೇನು ಎಂದು ಬರೆಯೋಣ ಅಂದುಕೊಂಡಿದ್ದೆ. ಅಷ್ಟರಲ್ಲಿ ಇನ್ನೊಂದು ತಕರಾರು ಅಡ್ಡ ಬಂತು. ಮರ್ಸೆನ್ ಹೇಳಿದ್ದು 61 ಎರಡುಗಳು, ಅಚ್ಚಿನಲ್ಲಿ 67 ಆಯಿತು ಅಂತ ಕೆಲವರ ವಾದ. 61 ಹಾಕಿದರೆ ನಿಜಕ್ಕೂ ಅವಿಭಾಜ್ಯವೇ ಸಿಗುತ್ತದೆ, ಒಪ್ಪಿದೆ. ಆದರೆ ಅದೇ ಪಟ್ಟಿಯಲ್ಲಿ 257 ಕೂಡ ತಪ್ಪು. ಅವಿಭಾಜ್ಯ ಕೊಡುವ 89, 107 ಬಿಟ್ಟೇ ಹೋಗಿವೆ. ಎಲ್ಲವನ್ನೂ ಅಚ್ಚಿನವರ ತಲೆಗೇ ಕಟ್ಟುತ್ತಾರಾ?