ಪುರಾವೆಗೂ ಸ್ವಲ್ಪ ಕರೆಂಟ್ ಕೊಡಿ

ಸೊಂಟ ಹಿಡಿದುಕೊಂಡು ಮೂರು ವಾರ ಆಗಿತ್ತು. ಫಿಸಿಯೋಥೆರಪಿಗೆ ಹೋದೆ. ಬಾಗಿಲಲ್ಲೇ ಬೋರ್ಡು: ‘ಇಲ್ಲಿ ಎವಿಡೆನ್ಸ್ ಬೇಸ್ಡ್ ಚಿಕಿತ್ಸೆ ಮಾತ್ರ’. ಅಬ್ಬಾ, ಪುರಾವೆ ಇಲ್ಲದೆ ಇಲ್ಲಿ ಮೈ ಮುಟ್ಟುವುದೇ ಇಲ್ಲ ಅಂದುಕೊಂಡೆ.

ಮೊದಲು ಮುಟ್ಟಿದ್ದು ಜೆಲ್. ಪಚಕ್ ಅಂತ ಬಿತ್ತು, ತಣ್ಣಗೆ. ಅದರ ಮೇಲೆ ನೋವಿಗೆ ಶಬ್ದದಲೆ ಕೊಡುವ ಅಲ್ಟ್ರಾಸೌಂಡ್ ಮಶೀನಿನ ತಲೆ ನೆಲ ಒರೆಸುವ ಹಾಗೆ ಗುಂಡಗೆ ಸುತ್ತತೊಡಗಿತು.

“ಡಾಕ್ಟ್ರೇ, ಇದಕ್ಕೆ ಪುರಾವೆ ಇದೆಯಾ?” ಎಂದೆ. ಬೋರಲಾಗಿ ಮಲಗಿದವನಿಗೆ ಧೈರ್ಯ ಜಾಸ್ತಿ. ಎದುರಿಗಿರುವವರ ಮುಖ ಕಾಣುವುದಿಲ್ಲ ನೋಡಿ.

“ಇಲ್ಲದೆ ಮಾಡ್ತೀವಾ ಸಾರ್? ಹದಿನೈದು ವರ್ಷದ ಅನುಭವ. ಎಲ್ರಿಗೂ ವಾಸಿಯಾಗಿದೆ.”

“ಆಗದೇ ಇದ್ದವರು?”

“ಅವರು ವಾಪಸ್ ಬರಲೇ ಇಲ್ಲ ಸಾರ್.”

ಲೆಕ್ಕ ಸರಿಯಾಗಿಯೇ ಇದೆ.

ಹೊರಗೆ ಕಾಯುವಾಗ ಫೋನಿನಲ್ಲಿ ಒಂದಿಷ್ಟು ಓದಿದ್ದೆ. ಯಾವ ಚಿಕಿತ್ಸೆ ಕೊಡಬೇಕು, ಯಾವುದು ಬೇಡ ಎಂದು ಸಲಹೆ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2016ರಲ್ಲೇ ಸೊಂಟನೋವಿಗೆ ಅಲ್ಟ್ರಾಸೌಂಡ್ ಬೇಡ, ಚರ್ಮಕ್ಕೆ ಪ್ಯಾಡ್ ಅಂಟಿಸಿ ಸಣ್ಣ ಕರೆಂಟ್ ಕೊಡುವ ಟೆನ್ಸ್ ಬೇಡ, ಇಂಟರ್‌ಫೆರೆನ್ಶಿಯಲ್ ಕರೆಂಟ್ ಬೇಡ, ಸೊಂಟ ಎಳೆಯುವ ಟ್ರಾಕ್ಷನ್ ಬೇಡ, ವ್ಯಾಯಾಮ ಮಾಡಿಸಿ ಎಂದು ಹೇಳಿಬಿಟ್ಟಿದೆ. ಆಮೇಲೆ ಬಿಲ್ಲು ಬಂತು. ನೈಸ್‌ನವರ ‘ಬೇಡ’ ಪಟ್ಟಿಯನ್ನೇ ನೋಡಿಕೊಂಡು ಬರೆದ ಹಾಗಿತ್ತು.

ಇದನ್ನು ಹೇಳಿದರೆ ಸಿಕ್ಕಿಬೀಳುತ್ತಾರೆ ಅಂದುಕೊಂಡಿದ್ದೆ. ಎಲ್ಲಿ! 1996ರಲ್ಲಿ ವೈದ್ಯ ಡೇವಿಡ್ ಸ್ಯಾಕೆಟ್ ಮತ್ತು ಜೊತೆಯವರು ‘ಎವಿಡೆನ್ಸ್ ಬೇಸ್ಡ್’ ಅಂದರೇನು ಎಂದು ಕೊಟ್ಟ ವಿವರಣೆ ಇವರಿಗೆ ಬಾಯಿಪಾಠ: ಸಂಶೋಧನೆ, ಚಿಕಿತ್ಸಕರ ಅನುಭವ, ರೋಗಿಯ ಇಷ್ಟ, ಮೂರೂ ಒಟ್ಟಿಗೆ ಇರಬೇಕು. ಇವರಲ್ಲೂ ಮೂರೂ ಇವೆ, ಪಾಳಿಯ ಮೇಲೆ ಬರುತ್ತವೆ ಅಷ್ಟೇ. ಸಂಶೋಧನೆ ಕೈಕೊಟ್ಟ ದಿನ ಅನುಭವ. ಅನುಭವವೂ ಕೈಕೊಟ್ಟರೆ, “ಪೇಷಂಟೇ ಕರೆಂಟ್ ಕೊಡಿ ಅಂತಾರೆ ಸಾರ್, ನಾವೇನು ಮಾಡೋಣ?”

ಪುರಾವೆ ಬೇಡ ಎನ್ನುವ ಫಿಸಿಯೋ ಇನ್ನೂ ನನ್ನ ಕಣ್ಣಿಗೆ ಬಿದ್ದಿಲ್ಲ. 2003ರಲ್ಲಿ ಅಮೆರಿಕದ 488 ಫಿಸಿಕಲ್ ಥೆರಪಿಸ್ಟ್‌ಗಳ ಸಮೀಕ್ಷೆಯೊಂದು ಪ್ರಕಟವಾಯಿತು. ಬಹುಪಾಲು ಮಂದಿ ಪುರಾವೆ ಬೇಕೇ ಬೇಕು ಎಂದರು. ಮತ್ತೇನು ಅಡ್ಡಿ? ಟೈಮಿಲ್ಲ. ನಮ್ಮವರೂ ಅದನ್ನೇ ಹೇಳಿದರು. ಹೇಳುವಾಗ ನನ್ನ ಸೊಂಟಕ್ಕೆ ಟೆನ್ಸ್ ಪ್ಯಾಡ್ ಅಂಟಿಸಿ, ಇಪ್ಪತ್ತು ನಿಮಿಷಕ್ಕೆ ಟೈಮರ್ ತಿರುಗಿಸಿ, ಸ್ಟೂಲಿನ ಮೇಲೆ ಕೂತು ಫೋನಿನಲ್ಲಿ ರೀಲ್ಸ್ ನೋಡುತ್ತಿದ್ದರು.

ಅದೇ ಫೋನಿನಲ್ಲಿ ಪೆಡ್ರೋ ಕೂಡ ತೆರೆಯುತ್ತದೆ. 1999ರಲ್ಲಿ ಸಿಡ್ನಿಯಲ್ಲಿ ಶುರುವಾದ, ಫಿಸಿಯೋಥೆರಪಿ ಸಂಶೋಧನೆಗಳಿಗೆಂದೇ ಇರುವ ಭಂಡಾರ. ಕಾಸಿಲ್ಲದೆ ನೋಡಬಹುದು. ಒಂದೊಂದು ಪ್ರಯೋಗಕ್ಕೂ ಹತ್ತಕ್ಕೆ ಇಷ್ಟು ಅಂತ ಅಂಕ ಹಾಕಿರುತ್ತಾರೆ. ಮೂಲೆಯ ಮಶೀನಿಗೆ ಮಾತ್ರ ಅಂಕ ಹಾಕುವವರಿಲ್ಲ. ಕಂತು ಕಟ್ಟುವವರಿದ್ದಾರೆ.

ಅಲ್ಟ್ರಾಸೌಂಡ್ ಪರೀಕ್ಷಿಸುವ ಪ್ರಯೋಗಗಳಲ್ಲಿ ಕೆಲವರಿಗೆ ಮಶೀನ್ ಆಫ್ ಮಾಡಿ ಸುಮ್ನೆ ಉಜ್ಜುತ್ತಾರೆ. ಆನ್ ಇದ್ದರೂ ಹೆಚ್ಚೇನೂ ಗೊತ್ತಾಗುವುದಿಲ್ಲವಾದ್ದರಿಂದ ರೋಗಿಗೆ ಅನುಮಾನವೂ ಬರುವುದಿಲ್ಲ. ಇದನ್ನು ಓದಿದ್ದರಿಂದ ನಾನು ಕತ್ತು ತಿರುಗಿಸಿ ಪ್ಲಗ್ ನೋಡಿದೆ. ಸಿಕ್ಕಿಸಿತ್ತು. ಮನಸ್ಸಿಗೆ ಎಷ್ಟೋ ಸಮಾಧಾನ ಆಯಿತು.

ಹೊರಡುವಾಗ ಒಂದು ಹಾಳೆ ಕೊಟ್ಟರು. ವ್ಯಾಯಾಮದ ಚಿತ್ರಗಳು. ಜೆರಾಕ್ಸಿನ ಜೆರಾಕ್ಸ್ ಮಾಡಿ ಮಾಡಿ ಮೂರನೇ ಚಿತ್ರದ ಮನುಷ್ಯನ ಒಂದು ಕಾಲು ಅಳಿಸಿಹೋಗಿತ್ತು. ಇಡೀ ಕ್ಲಿನಿಕ್ಕಿನಲ್ಲಿ ಪುರಾವೆ ಇದ್ದ ವಸ್ತು ಅದೊಂದೇ. “ಇದನ್ನೂ ಮಾಡ್ತಾ ಇರಿ” ಎಂದರು, ಚಪ್ಪಲಿ ಮರೀಬೇಡಿ ಎನ್ನುವ ದನಿಯಲ್ಲಿ.

ಹಾಳೆ ಪ್ಯಾಂಟಿನ ಜೇಬಿನಲ್ಲೇ ಇತ್ತು. ಬಟ್ಟೆ ಒಗೆಯುವಾಗ ಉಳಿದ ಕಾಲೂ ಹೋಯಿತು. ಕರೆಂಟಿನ ಅಪಾಯಿಂಟ್‌ಮೆಂಟ್ ಮಾತ್ರ ನಾನು ಒಂದು ದಿನವೂ ತಪ್ಪಿಸಿಲ್ಲ.